ಆಕಾಶದ ಬಾಗಿಲ ತನಕ ಹೋದ ಡಾಕ್ಟ್ರಮ್ಮ

ತುಕ್ಕು ಹಿಡಿದ ಕಬ್ಬಿಣದ ವಾಸನೆ ನನಗೆ ಇವತ್ತಿಗೂ ಆಗುವುದಿಲ್ಲ. ಹೋದ ವಾರ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಮೂರ್ಛೆ ಬಂದು ಬಿದ್ದರು. ಯಾರೋ ಓಡಿ ಬಂದು ಬೀಗದ ಕೈ ಗೊಂಚಲನ್ನು ಅವರ ಅಂಗೈಗೆ ಒತ್ತಿದರು. ನಾನು ಅದನ್ನು ಕಿತ್ತು ಆಚೆಗಿಟ್ಟು, ಅವರನ್ನು ಮಗ್ಗುಲಿಗೆ ತಿರುಗಿಸಿ, ತಲೆಯಡಿಗೆ ನನ್ನ ಬ್ಯಾಗಿಟ್ಟು, ವಾಚು ನೋಡುತ್ತ ಕೂತೆ. ಎರಡು ನಿಮಿಷದಲ್ಲಿ ಕಣ್ಣು ಬಿಟ್ಟರು. ಮನೆಗೆ ಬಂದು ಸೋಪು ಹಾಕಿ ತೊಳೆದರೂ ಕೈಯ ವಾಸನೆ ಹೋಗಲಿಲ್ಲ. ಅದರ ಹಿಂದೆಯೇ ಮೇಜರ್ ಡಾಕ್ಟ್ರಮ್ಮ ನೆನಪಾದರು...

ನನಗೆ ಹದಿನಾಲ್ಕನೇ ವಯಸ್ಸಿನಿಂದ ಈ ಕಾಯಿಲೆ. ಹೊಸನಗರದಲ್ಲಿ ಅಪ್ಪನದು ಹಿಟ್ಟಿನ ಗಿರಣಿ. ನಾನು ಬಿದ್ದಾಗಲೆಲ್ಲ ಅಮ್ಮ ಮೊದಲು ಬಾಗಿಲು ಹಾಕುತ್ತಿದ್ದಳು, ಆಮೇಲೆ ಗಿರಣಿಯ ಬೀಗದ ಕೈಯನ್ನು ನನ್ನ ಮುಷ್ಟಿಗೆ ತುರುಕುತ್ತಿದ್ದಳು. ಹೊರಗಿನವರಿಗೆ ಗೊತ್ತಾಗಬಾರದು ಎನ್ನುವುದೊಂದೇ ನಮ್ಮ ಮನೆಯಲ್ಲಿ ನಡೆಯುತ್ತಿದ್ದ ಚಿಕಿತ್ಸೆ.

ನಾನು ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ವರ್ಷ ಗಿರಣಿಯ ಪಕ್ಕದ ಕೋಣೆಯಲ್ಲಿ ಡಾಕ್ಟ್ರಮ್ಮ ಕ್ಲಿನಿಕ್ ತೆರೆದರು. ಐವತ್ತರ ಹತ್ತಿರದ ವಯಸ್ಸು, ಗಿಡ್ಡ ಕೂದಲು, ನೆಟ್ಟಗಿನ ಬೆನ್ನು. ಸೈನ್ಯದಲ್ಲಿ ಡಾಕ್ಟರಾಗಿದ್ದವರು. ಅವರ ಅಜ್ಜನ ಮನೆ, ಗದ್ದೆ ಎಲ್ಲ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋಗಿದ್ದವು. "ನಮ್ದು ಮುಳುಗಿ ಎದ್ದ ಮನೆ, ನಮ್ಮನ್ನ ಹೆದರ್ಸೋದು ಕಷ್ಟ" ಎಂದು ನಗುತ್ತಿದ್ದರು. ಗಡಿಯ ಹಿಮದಲ್ಲಿ ಸೈನಿಕರ ಕಪ್ಪಾದ ಬೆರಳುಗಳಿಗೆ ಮದ್ದು ಮಾಡಿ, ಆಮೇಲೆ ಎತ್ತರದಲ್ಲಿ ಪೈಲಟ್‌ಗಳ ದೇಹಕ್ಕೆ ಏನಾಗುತ್ತದೆ ಎಂದು ಓದಿ, ಕೊನೆಗೆ ಬಾಹ್ಯಾಕಾಶಕ್ಕೆ ಹೋಗುವವರ ತರಬೇತಿಗೆ ತಾವೇ ಆಯ್ಕೆಯಾಗಿದ್ದರು. ಉದ್ದ ತೋಳಿನ ಯಂತ್ರದ ತುದಿಯಲ್ಲಿ ಕೂರಿಸಿ ಗರಗರ ತಿರುಗಿಸುತ್ತಿದ್ದರಂತೆ. ಎದೆಯ ಮೇಲೆ ಏಳೆಂಟು ಜನ ಕೂತ ಹಾಗೆ ಆಗುತ್ತಿತ್ತಂತೆ. ಕಿಟಕಿಯಿಲ್ಲದ ಕೋಣೆಯಲ್ಲಿ ದಿನಗಟ್ಟಲೆ ಒಬ್ಬರನ್ನೇ ಇಡುತ್ತಿದ್ದರಂತೆ. ಎಲ್ಲವನ್ನೂ ದಾಟಿದ್ದರು. ಕೊನೆಯ ತಪಾಸಣೆಯಲ್ಲಿ ಎದೆಬಡಿತ ಕೆಲವೇ ಕ್ಷಣ ತಾಳ ತಪ್ಪಿತು. ಪಟ್ಟಿಯಿಂದ ಹೆಸರು ತೆಗೆದರು. ಕುರ್ಚಿ ಕೆಲಸ ಕೊಡುತ್ತೇವೆ ಎಂದಾಗ ಬೇಡವೆಂದು ಊರಿನ ಕಡೆಗೆ ಬಂದುಬಿಟ್ಟರು.

ಊರು ಅವರಿಗೊಂದು ಸನ್ಮಾನ ಇಟ್ಟುಕೊಂಡಿತು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಅವರ ಫೋಟೊದ ಕೆಳಗೆ 'ಗಗನಯಾತ್ರಿ' ಎಂದು ದೊಡ್ಡದಾಗಿ ಬರೆಸಿದ್ದರು. ಅವರು ಮೆಟ್ಟಿಲ ಹತ್ತಿರವೇ ನಿಂತರು.

"ಅದನ್ನ ತೆಗೀರಿ. ನಾನು ಹೋಗಿಲ್ಲ."

"ಇರ್ಲಿ ಬಿಡಿ ಮೇಡಂ, ಯಾರಿಗೆ ಗೊತ್ತಾಗ್ತದೆ?" ಎಂದರು ಸಂಘಟಕರು.

"ನಂಗೆ ಗೊತ್ತಲ್ಲ."

ಬ್ಯಾನರು ಇಳಿಯುವವರೆಗೆ ಅವರು ಮೇಲೆ ಹತ್ತಲಿಲ್ಲ. ಆಮೇಲೆ ಮೈಕು ಹಿಡಿದು, "ಹೋಗೋಕೆ ಪೂರ್ತಿ ತಯಾರಾಗಿದ್ದೆ. ಅದು ಸುಳ್ಳಲ್ಲ. ಅಷ್ಟಕ್ಕೆ ಚಪ್ಪಾಳೆ ಹೊಡೀಬೇಕು ಅನ್ಸಿದ್ರೆ ಹೊಡೀರಿ" ಎಂದರು. ಜನ ಸ್ವಲ್ಪ ತಡೆದು ಹೊಡೆದರು. ನಾನು ಹಿಂದಿನ ಸಾಲಿನಲ್ಲಿದ್ದೆ, ಕೈ ಉರಿಯುವಷ್ಟು ಹೊಡೆದೆ.

ಆ ಮಳೆಗಾಲದಲ್ಲೇ ಒಂದು ದಿನ ಗಿರಣಿಯಲ್ಲಿ ಅಕ್ಕಿ ಸುರಿಯುತ್ತಿದ್ದಾಗ ಬಿದ್ದೆ. ಎಚ್ಚರವಾದಾಗ ಡಾಕ್ಟ್ರಮ್ಮ ಪಕ್ಕದಲ್ಲಿ ಕೂತಿದ್ದರು. ಬೀಗದ ಕೈ ಅಂಗಳದ ಕೆಸರಿನಲ್ಲಿತ್ತು. ಅವರೇ ಎಸೆದಿದ್ದರು. ಮರುವಾರ ಶಿವಮೊಗ್ಗದ ನರರೋಗದ ಡಾಕ್ಟರ ಹತ್ತಿರ ಕಳಿಸಿದರು, ಮಾತ್ರೆ ಶುರುವಾಯಿತು. ಬೀಳುವುದು ತಿಂಗಳಿಗೊಮ್ಮೆಯಾಯಿತು, ಆಮೇಲೆ ವರ್ಷಕ್ಕೊಮ್ಮೆ... ನನಗೆ ಲ್ಯಾಬ್ ಕೋರ್ಸಿಗೆ ಸೇರುವ ಆಸೆ. ಅಮ್ಮ ಒಪ್ಪಲಿಲ್ಲ. ಹಾಸ್ಟೆಲಿನಲ್ಲಿ ಬಿದ್ದರೆ ಊರಿಗೆಲ್ಲ ಗೊತ್ತಾಗುತ್ತದಲ್ಲ! ಅಷ್ಟರಲ್ಲಿ ತೀರ್ಥಹಳ್ಳಿ ಕಡೆಯಿಂದ ಒಂದು ಸಂಬಂಧ ಬಂತು. ಮದುವೆಯಾಗುವವರೆಗೆ ಬಾಯಿ ಬಿಡಬಾರದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು.

ಅಳುತ್ತಾ ಕ್ಲಿನಿಕ್ಕಿಗೆ ಹೋದೆ. ಮುಚ್ಚಿಡು ಎಂದಾಗಲಿ ಹೇಳು ಎಂದಾಗಲಿ ಅವರು ಅನ್ನಲಿಲ್ಲ.

"ನನ್ನ ಎದೆ ಸರಿಯಿಲ್ಲ ಅಂತ ಕಾಗದದಲ್ಲಿ ಬರ್ದು ಕೊಟ್ರು ನೋಡು, ಮೂರು ತಿಂಗ್ಳು ಅತ್ತೆ. ಆಮೇಲೆ ಒಂದಿನ ಮತ್ತೆ ಓದ್ದೆ. ಅದ್ರಲ್ಲಿ ಬರ್ದಿದ್ದು ಎದೆ ವಿಷ್ಯ ಅಷ್ಟೆ. ನನ್ನ ವಿಷ್ಯ ಒಂದಕ್ಷರನೂ ಇರ್ಲಿಲ್ಲ."

ಹುಡುಗನ ಕಡೆಯವರು ಬಂದ ದಿನ ಕಾಫಿ ತಟ್ಟೆ ಕೆಳಗಿಟ್ಟು ನಾನೇ ಹೇಳಿದೆ: "ನಂಗೆ ಮೂರ್ಛೆ ಬರ್ತದೆ. ಮಾತ್ರೆ ತಗೊಳ್ತಿದೀನಿ." ಅವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. "ಎಂತ ಮಾಡ್ದೆ ಮಾರಾಯ್ತಿ!" ಎಂದು ಅಮ್ಮ ಹಣೆ ಚಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ಡಾಕ್ಟ್ರಮ್ಮನಿಗೆ ಸುದ್ದಿ ಹೇಳಿದೆ.

"ಎದ್ದು ಹೋದ್ರಾ?"

"ಹೂಂ."

"ಹೋಗ್ಲಿ. ಇವತ್ತಿನ ಮಾತ್ರೆ ತಗೊಂಡ್ಯಾ?"

ಇಬ್ಬರೂ ನಕ್ಕೆವು. ಎಷ್ಟು ನಕ್ಕೆವೆಂದರೆ ಹೊರಗೆ ಕಾಯುತ್ತಿದ್ದ ರೋಗಿಗಳು ಇಣುಕಿ ನೋಡಿದರು. ಮುಂದಿನ ಸೋಮವಾರ ಅಪ್ಪ ಗಿರಣಿಗೆ ರಜೆ ಹಾಕಿ, ನನ್ನನ್ನು ಲ್ಯಾಬ್ ಕೋರ್ಸಿಗೆ ಸೇರಿಸಲು ಟ್ರಂಕು ಹೊತ್ತು ಶಿವಮೊಗ್ಗ ಬಸ್ಸು ಹತ್ತಿದರು. ಇಳಿಯುವಾಗ, "ಹಾಸ್ಟೆಲಲ್ಲಿ ಮೊದ್ಲೇ ಹೇಳ್ಬಿಡು, ಎಂತ ಮಾಡ್ಬೇಕು ಅಂತ ಅವ್ರಿಗೂ ಗೊತ್ತಿರ್ಲಿ" ಎಂದರು.

ಈಗ ಸಾಗರದಲ್ಲಿ ನಾನು ರಕ್ತ ಪರೀಕ್ಷೆ ಮಾಡುವವಳು. ಡಾಕ್ಟ್ರಮ್ಮ ಹೋಗಿ ಎರಡು ಮಳೆಗಾಲ ಕಳೆಯಿತು. ಕೊನೆಗೂ ಆ ಎದೆಯೇ ನಿಂತಿತು, ಸಂಜೆ ಕ್ಲಿನಿಕ್ಕಿನಲ್ಲಿ ಕೊನೆಯ ರೋಗಿಯನ್ನು ನೋಡಿ ಮುಗಿಸಿದ ಮೇಲೆ. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು: 'ಕನಸು ಈಡೇರದ ವೈದ್ಯೆ ನಿಧನ.' ನಾನು ಅದನ್ನು ಕತ್ತರಿಸಿ ಇಟ್ಟುಕೊಳ್ಳಲಿಲ್ಲ.

ಮೊನ್ನೆ ಲ್ಯಾಬಿನ ಟಿವಿಯಲ್ಲಿ ನಮ್ಮ ದೇಶದವರು ಆಕಾಶಕ್ಕೆ ಹೋಗುವ ತಯಾರಿ ತೋರಿಸುತ್ತಿದ್ದರು. ಆ ಉದ್ದ ತೋಳಿನ ಯಂತ್ರವನ್ನು ಮೊದಲ ಸಲ ಕಂಡೆ. ಇಷ್ಟು ದೊಡ್ಡದಿರಬಹುದು ಎಂದುಕೊಂಡಿರಲಿಲ್ಲ. ಪಕ್ಕದಲ್ಲಿದ್ದ ಸಹೋದ್ಯೋಗಿ, "ಪಾಪ, ನಿಮ್ ಡಾಕ್ಟ್ರಮ್ಮಂಗೆ ಅದೃಷ್ಟ ಇರ್ಲಿಲ್ಲ ಅಲ್ವಾ?" ಎಂದಳು.

"ಪಾಪ ಅನ್ಬೇಡ ಅವ್ರನ್ನ" ಎಂದೆ. ದನಿ ಸ್ವಲ್ಪ ಜೋರಾಯಿತು. ಕಾಯುತ್ತಿದ್ದವರು ತಿರುಗಿ ನೋಡಿದರು; ನೋಡಲಿ. ಯಂತ್ರ ತಿರುಗುವುದು ನಿಲ್ಲುವವರೆಗೆ ನಿಂತು ನೋಡಿದೆ. ಅದರೊಳಗೆ ಹೇಗಿರುತ್ತದೆ ಎಂದು ಡಾಕ್ಟ್ರಮ್ಮನನ್ನು ಇನ್ನೂ ಕೇಳಬೇಕಾದ್ದು ಬಹಳ ಇತ್ತು...