ಐದನೆಯ ರಾಜ

ನ್ಯೂಯಾರ್ಕಿನ ಬ್ರಾಡ್‌ವೇಯ ನಮ್ಮ ಸಂಗೀತ ನಾಟಕದಲ್ಲಿ ರಾಜನ ಪಾತ್ರಕ್ಕೆ ಆರು ವರ್ಷಗಳಲ್ಲಿ ಬಂದ ಐದನೆಯ ನಟ ಟಿಲ್‌ಮನ್. ವೇಷಭೂಷಣ ನೋಡಿಕೊಳ್ಳುವ ನಾನು ರಾಜನ ಅದೇ ನಿಲುವಂಗಿಯನ್ನು ಇವನ ಅಳತೆಗೆ ಮತ್ತೊಮ್ಮೆ ಬಿಚ್ಚಿ ಹೊಲಿದೆ. ಹೊಸ ನಾಯಕನಟರೆಲ್ಲರಂತೆ ಇವನೂ ಬಾಗಿಲು ಕಾಯುವವನಿಂದ ಹಿಡಿದು ಎಲ್ಲರ ಹೆಸರನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದ, ಎಡವಿದರೆ ಕುರ್ಚಿಗೂ ‘ಸಾರಿ’ ಅನ್ನುತ್ತಿದ್ದ, “ಹಿಂದಿನವರು ಇಲ್ಲಿ ಹೇಗೆ ನಿಲ್ತಿದ್ರು?” ಎಂದು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದ. “ಎರಡು ಕಾಲ ಮೇಲೆ ನಿಲ್ತಿದ್ರಪ್ಪ,” ಎಂದು ನಾನು ಗೊಣಗುತ್ತಿದ್ದೆ. ಇಡೀ ತಂಡದ ಜೊತೆ ಅವನಿಗೆ ಸಿಕ್ಕಿದ್ದು ಒಂದೇ ತಾಲೀಮು, ಗುರುವಾರ ಮಧ್ಯಾಹ್ನ. ಹೊಸಬನಿಗಾಗಿ ನಡೆದ ತಾಲೀಮಾದ್ದರಿಂದ ವೇಷ ತೊಟ್ಟವನು ಅವನೊಬ್ಬನೇ. ಉಳಿದವರು ಜೀನ್ಸ್‌ನಲ್ಲೇ ಬೇಗಲ್ ಬ್ರೆಡ್ಡು ಅಗಿಯುತ್ತ, ಆಕಳಿಸುತ್ತ ಯುದ್ಧ ಮಾಡಿದರು. ಕೊನೆಗೆ ರಾಜ ರಾಣಿಯ ಮಡಿಲಲ್ಲಿ ಸಾಯಬೇಕು. ವಾರಕ್ಕೆ ಎಂಟು ಸಲ ರಾಜರನ್ನು ಹೊತ್ತು ಮಂಡಿ ಸವೆಸಿಕೊಂಡಿದ್ದ ರಾಣಿ ಪಾತ್ರದ ರೋವೆನಾ ಕಣ್ಣು ಮುಚ್ಚಿಯೇ ಕೂತಿದ್ದಳು. ಟಿಲ್‌ಮನ್ ಕತ್ತು ಬಿಗಿಹಿಡಿದು, ತಲೆಯನ್ನು ಅವಳಿಗೆ ತಾಗಿಸದೆ, “ಭಾರ ಆಗ್ತಿದೀನಾ ಮೇಡಂ?” ಎಂದು ಪಿಸುಗುಟ್ಟಿದ. ಅವಳು ಕಣ್ಣು ತೆರೆದಳು. “ಇದನ್ನ ಇಲ್ಲೀವರೆಗೂ ಯಾರೂ ಕೇಳಿರ್ಲಿಲ್ಲ ಕಣೋ,” ಎಂದು ಅವನ ತಲೆಯನ್ನು ಮೆಲ್ಲಗೆ ಒತ್ತಿ ಮಡಿಲಿಗೆ ಇಳಿಸಿಕೊಂಡಳು. “ಆರಾಮಾಗಿ ಸಾಯಿ.”