ಆಚಾರ್ರು ಗಂಗೆಗೆ ಓಡಿದ್ದು

ಸೋನಾರ್‌ಪುರದ ಹಿಂದಿನ ಗಲ್ಲಿಯಲ್ಲಿ ನಮ್ಮ ಮಾವನವರದೊಂದು ಛತ್ರವಿತ್ತು. ಕಾಶಿಗೆ ಬರುವ ನಮ್ಮ ಕಡೆಯ ಯಾತ್ರಿಕರು ಅಲ್ಲಿಳಿಯುತ್ತಿದ್ದರು; ಕೊನೆಗಾಲ ಕಳೆಯಲು ಬಂದ ಕೆಲವು ಅಜ್ಜಿಯರು ಅಲ್ಲೇ ಉಳಿದಿದ್ದರು. ಅಡುಗೆಗೆ ಒಬ್ಬರು ಆಚಾರ್ರಿದ್ದರು. ಅವರ ಮಡಿಯಿಂದ ನನಗೆ ದಿನವೂ ತಲೆನೋವು. ಬೆಳಕು ಹರಿಯುವ ಮುಂಚೆ ಗಂಗೆಗೆ ಹೋಗಿ, ಧೋತರ ತಾವೇ ಒಗೆದು, ಒದ್ದೆಯಲ್ಲೇ ಬಂದು ಒಲೆ ಹಚ್ಚುವರು. ದೇವರಿಗೆ ನೈವೇದ್ಯವಾಗುವವರೆಗೆ ಮಾತಿಲ್ಲ. ಉಪ್ಪು ಎಲ್ಲಿಟ್ಟಿರಿ ಎಂದು ಕೇಳಿದರೂ ಉತ್ತರವಿಲ್ಲ. ಯಾರಾದರೂ ತಾಗಿದರೆ ಒಲೆಯ ಮೇಲಿನ ಅನ್ನ ಹಾಗೇ ಬಿಟ್ಟು ಮತ್ತೆ ಗಂಗೆಗೆ ಓಡುವರು. ಓಡುವರು ಎಂದು ಬೇಕೆಂದೇ ಬರೆದಿದ್ದೇನೆ, ನಡೆಯುತ್ತಿರಲಿಲ್ಲ. ಸೀದ ಪಾತ್ರೆ ತಿಕ್ಕುತ್ತಿದ್ದವಳು ನಾನು.

ಎಪ್ಪತ್ತರ ದಶಕದ ನಡುವೆ, ಒಂದು ಚಳಿಗಾಲದ ಬೆಳಿಗ್ಗೆ, ಮಹಡಿಯ ಹಿಂಬದಿ ಕೋಣೆಯ ಅಜ್ಜಿ ಎದ್ದು ಬರಲಿಲ್ಲವೆಂದು ಹೋಗಿ ನೋಡಿದೆ. ಕದ ತೆರೆದಿತ್ತು. ಅಜ್ಜಿ ನೆಲದ ಮೇಲೆ ಬಿದ್ದಿದ್ದರು. ತಲೆಯ ಹತ್ತಿರ ರಕ್ತ ಕಪ್ಪಾಗಿತ್ತು. ಕೊರಳಲ್ಲಿ ಬಂಗಾರದ ಸರ ಇರಲಿಲ್ಲ. ನಾನು ಕಂಡದ್ದು ಇಷ್ಟೇ. ಇದಕ್ಕಿಂತ ಹೆಚ್ಚು ಆಗಲೂ ಹೇಳಲಿಲ್ಲ, ಈಗಲೂ ಹೇಳಲಾರೆ.

ಅಂಗಳಕ್ಕೆ ಬಗ್ಗಿ ನೋಡಿದರೆ ಆಚಾರ್ರು ಒದ್ದೆ ಧೋತರದಲ್ಲಿ ಒಳಗೆ ಬರುತ್ತಿದ್ದರು. "ಆಚಾರ್ರ, ಅಜ್ಜಿನ್ನ ಯಾರೋ ಹೊಡದಾರ್ರೀ!" ಎಂದು ಚೀರಿದೆ. ಅವರು ತಲೆಯೆತ್ತಿ ನೋಡಿದರು. ತುಟಿ ಅಲುಗಿದಂತೆ ಕಂಡಿತು, ಮಾತು ಬರಲಿಲ್ಲ. ಅಡುಗೆಮನೆಗೆ ಹೊರಟುಹೋದರು.

ಪೊಲೀಸರು ಬಂದರು. ಒಬ್ಬ ಸಿಪಾಯಿ ಅಡುಗೆಮನೆಗೆ ನುಗ್ಗಿ ಆಚಾರ್ರ ಭುಜ ಹಿಡಿದ. ಅಷ್ಟೇ. ಆಚಾರ್ರು ಕೊಸರಿಕೊಂಡು ಹೊರಗೋಡಿದರು. ಗಲ್ಲಿಯ ಮೂಲೆಯ ಹಾಲಿನವನ ಅಂಗಡಿ ದಾಟಿ, ಘಾಟಿನ ಮೆಟ್ಟಿಲಿಳಿದು, ನೇರ ನೀರಿಗೆ. ಮುಳುಗು ಹಾಕುತ್ತಿದ್ದವರನ್ನು ಸಿಪಾಯಿಗಳು ಜುಟ್ಟು ಹಿಡಿದು ಎಳೆದು ತಂದರು.

ಕೊಲೆಯನ್ನು ಕಣ್ಣಾರೆ ಕಂಡವರಿರಲಿಲ್ಲ. ಸರವೂ ಸಿಗಲಿಲ್ಲ. ಇದ್ದದ್ದೆಲ್ಲ ಸಾಂದರ್ಭಿಕ ಸಾಕ್ಷ್ಯ: ಹಿಂದಿನ ರಾತ್ರಿ ಅಜ್ಜಿಗೆ ಹಾಲು ಕೊಟ್ಟು ಬಂದವರು ಆಚಾರ್ರು, ಕತ್ತಲಲ್ಲೇ ಬಟ್ಟೆ ಒಗೆದವರು ಆಚಾರ್ರು, ಸಾವಿನ ಸುದ್ದಿ ಕೇಳಿ ತುಟಿ ಬಿಚ್ಚದವರು, ಪೊಲೀಸರಿಂದ ಓಡಿದವರು, ಎಲ್ಲ ಆಚಾರ್ರೇ. ಸಾಕ್ಷಿ ಹೇಳುವ ದಿನ ನನ್ನ ಗಂಡ, "ಕೇಳಿದ್ದಕ್ಕಷ್ಟ ಹೇಳು. ನಿನ್ನ ಪುರಾಣ ತಗೀಬ್ಯಾಡ," ಎಂದಿದ್ದರು. ಬಟ್ಟೆ ಒಗೆದಿದ್ದರೇ? ಹೌದು. ಉತ್ತರ ಕೊಟ್ಟರೇ? ಇಲ್ಲ. ಓಡಿದರೇ? ಓಡಿದರು. ಆಚಾರ್ರ ಪರವಾಗಿ ಸರಕಾರ ಕೊಟ್ಟ ವಕೀಲ ಎದ್ದು, ಕೇಳುವುದೇನೂ ಇಲ್ಲವೆಂದು ಕೂತ. ಆಚಾರ್ರನ್ನು ಕೇಳಿದಾಗ ಅವರು ತಮ್ಮ ಹರಕು ಹಿಂದಿಯಲ್ಲಿ, "ಸಿಪಾಯಿ ಮುಟ್ಟಿದ, ಓಡಿದೆ," ಎಂದರು. ಓಡಿದ್ದನ್ನು ಆರೋಪಿಯೇ ಒಪ್ಪಿದ್ದಾನೆಂದು ತೀರ್ಪಿನಲ್ಲಿ ಬಂತು. ಜೀವಾವಧಿ ಶಿಕ್ಷೆ.

ಮಾವನವರು ಅಲಹಾಬಾದಿನ ಹೈಕೋರ್ಟಿಗೆ ಅಪೀಲು ಹಾಕಿಸಿದರು. ಅಲ್ಲಿಯ ವಕೀಲರ ಮುಂದೆ ಕೂತು ಮಡಿಯ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬೆಹೆನ್‌ಜಿ, ಇದನ್ನ ಆಗಲೇ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

"ಹೇ ರಾಮ್! ಹೋಗಲಿ, ರಾತ್ರಿಯೆಲ್ಲ ಆತ ಅಡುಗೆಮನೆಯಲ್ಲೇ ಮಲಗಿದ್ದು ನೋಡಿದ್ದೀರಿ ತಾನೆ?"

"ಇಲ್ಲ. ನಾನು ನಿದ್ದೆ ಮಾಡಿದ್ದೆ."

"ಗೊರಕೆಯಾದರೂ ಕೇಳಿಸಿರಬೇಕಲ್ಲ?"

"ಇವರದು ಕೇಳಿಸಿತ್ತು," ಎಂದು ಗಂಡನ ಕಡೆ ತೋರಿಸಿದೆ.

ಹೊರಗೆ ಬಂದಮೇಲೆ ಗಂಡ ಸಿಡುಕಿದರು. "ಒಂದು ಗೊರಕಿ ಕೇಳಿದೆ ಅಂದಿದ್ರ ನಿನ್ನ ಗಂಟೇನು ಹೋಗತಿತ್ತು?"

"ಕೇಳಿಲ್ಲಲ್ಲ. ನೀವ ಹೇಳಿದ್ರಿ, ಕೇಳಿದ್ದಕ್ಕಷ್ಟ ಹೇಳು ಅಂತ."

ಒಬ್ಬ ಮನುಷ್ಯ ಮುದುಕನಾಗುವವರೆಗೆ ಸೆರೆಯಲ್ಲಿ ಕೂರಬೇಕೇ ಎಂಬುದು ನನ್ನ ಎದೆಯ ಮೇಲೂ ಕೂತಿತ್ತು. ಆದರೆ ಕಾಣದ್ದನ್ನು ಕಂಡೆನೆನ್ನಲು ಬಾಯಿ ಬರಲಿಲ್ಲ. ಕಂಡದ್ದನ್ನು ಹೇಳಲು ಯಾರೂ ಬಿಡುತ್ತಿರಲಿಲ್ಲ. ಅಪೀಲಿನಲ್ಲಿ ಹಳೆಯ ಕಾಗದ ಓದುತ್ತಾರೆಯೇ ಹೊರತು ಸಾಕ್ಷಿಯನ್ನು ಮತ್ತೆ ಕರೆಯುವುದು ಅಪರೂಪವಂತೆ. ಅದಕ್ಕೆ ಬೇರೆ ಅರ್ಜಿ. ಅರ್ಜಿಗೆ ತಾರೀಕು, ತಾರೀಕಿನ ಮೇಲೆ ತಾರೀಕು. ಒಮ್ಮೆ ಜಡ್ಜ್ ರಜೆ, ಒಮ್ಮೆ ವಕೀಲರ ಮಗಳ ಮದುವೆ. ಛತ್ರದಲ್ಲಿ ಹೊಸ ಅಡುಗೆಯವರು ಬಂದು, ಬಿಟ್ಟು, ಇನ್ನೊಬ್ಬರು ಬಂದರು. ಗಳದ ಮೇಲೆ ಆಚಾರ್ರು ಒಣಹಾಕಿದ್ದ ಧೋತರವನ್ನು ಪೊಲೀಸರು ಒಯ್ದಿದ್ದರು. ಆ ಗಳದ ಮೇಲೆ ನಾನು ಬೇರೇನನ್ನೂ ಹಾಕಲಿಲ್ಲ.

ಕೊನೆಗೆ ಹೈಕೋರ್ಟು ನನ್ನ ಸಾಕ್ಷ್ಯವನ್ನು ಇನ್ನೊಮ್ಮೆ ತೆಗೆದುಕೊಳ್ಳಲು ಕಾಶಿಯ ಕೋರ್ಟಿಗೆ ಹೇಳಿತು. ಅದೇ ಕಟಕಟೆ, ಜಡ್ಜ್ ಬೇರೆ. ಅಂದಿನ ನಡವಳಿಕೆ ಆರೋಪಿಗೆ ಹೊಸದೇ ಎಂದು ನಮ್ಮ ವಕೀಲರು ಕೇಳಿದರು.

"ದಿನಾ ಅದೇ," ಎಂದೆ. ಒಗೆಯುವುದು, ಮೌನ, ಮುಟ್ಟಿದರೆ ಓಟ, ಸೀದ ಅನ್ನ, ಎಲ್ಲವನ್ನೂ ಒಂದೊಂದಾಗಿ ಹೇಳಿದೆ.

ಸರಕಾರಿ ವಕೀಲ ನಕ್ಕ. "ಕೊಲೆಯ ಆರೋಪ ಬಂದಾಗಲೂ ಸ್ನಾನವೇ?"

"ನನ್ನ ಮಗು ತಾಗಿದರೂ ಓಡುತ್ತಿದ್ದರು. ಸಿಪಾಯಿ ತಾಗಿದರೆ ಬಿಡುತ್ತಾರೆಯೇ?"

"ಹಾಗಾದರೆ ಆತ ಕೊಲೆ ಮಾಡಿಲ್ಲ ಎನ್ನುತ್ತೀರಿ."

"ಅದು ನನಗೆ ಗೊತ್ತಿಲ್ಲ. ಓಡಿದ್ದು ಯಾಕೆಂದು ಗೊತ್ತು."

ನಮ್ಮ ವಕೀಲರು ಹಣೆ ಹಿಡಿದುಕೊಂಡರು. ಆದರೆ ಹೈಕೋರ್ಟಿನ ತೀರ್ಪು ಬಂದಾಗ, ಈ ಸಂದರ್ಭಗಳಿಗೆ ಕೊಲೆಯಲ್ಲದೆ ಬೇರೆ ಅರ್ಥವೂ ಸಾಧ್ಯ, ಸಂಶಯದ ಲಾಭ ಆರೋಪಿಗೆ ಸಲ್ಲಬೇಕು ಎಂದಿತ್ತು. ಅಜ್ಜಿಯನ್ನು ಕೊಂದವರು ಯಾರೆಂದು ಇಂದಿಗೂ ತಿಳಿದಿಲ್ಲ.

ಆಚಾರ್ರು ಬಿಡುಗಡೆಯಾಗಿ ರಿಕ್ಷಾದಲ್ಲಿ ಬಂದರು. ಬಹಳ ಸೊರಗಿದ್ದರು. ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟು, ನಮಸ್ಕಾರಕ್ಕೆಂದು ಬಾಗಿದೆ. ಅವರು ಹೌಹಾರಿ ಹಿಂದೆ ಸರಿದರು.

"ಮುಟ್ಟಬ್ಯಾಡ್ರಿ ವೈನೀ! ಎಷ್ಟ ಮಂದಿ ಮುಟ್ಟ್ಯಾರ ನನಗ!"

"ಆಚಾರ್ರ, ಒಂದು ಗುಟುಕು ಚಹಾನಾದ್ರೂ..."

ಆಗಲೇ ಓಡಿದ್ದರು. ಅದೇ ಗಲ್ಲಿ, ಅದೇ ಮೂಲೆ. ಮೊದಲ ಓಟಕ್ಕೆ ಸಾಕ್ಷಿ ಹೇಳಿದ್ದ ಹಾಲಿನವನು ಕಡಾಯಿ ಬಿಟ್ಟು ಹೊರಗೆ ಬಂದು, "ಫಿರ್ ಭಾಗೇ?" ಎಂದ, ಮತ್ತೆ ಓಡಿದರಲ್ಲ ಎಂದು.

"ಹೌದು," ಎಂದೆ. "ಈ ಸಲ ಯಾಕೆ ಅಂತನೂ ಕೇಳು."