ಟೀಚರ ಪಾಸ್‌ವರ್ಡ್

ನನಗೆ ಸಿಟ್ಟು ಬೇಗ, ಕಂಪ್ಯೂಟರಿನ ಮುಂದೆ ಕೂತರೆ ಇನ್ನೂ ಬೇಗ. ಅದು ಗೊತ್ತಿದ್ದೂ ನನ್ನ ಹೈಸ್ಕೂಲಿನ ಕನ್ನಡ ಟೀಚರು ಗುಲ್ವಾಡಿಯಿಂದ ಫೋನು ಮಾಡಿ, "ಮಾಣಿ, ಇವತ್ತ್ ಸಂಜಿ ಒಳ್ಗೆ ನನ್ ಶಬ್ದ ಎಲ್ಲ ಹೋತ್ತಂಬ್ರ್. ಬಪ್ಪುಕ್ ಆತ್ತಾ?" ಅಂತ ಕೇಳಿದರು. ಶಬ್ದ ಎಲ್ಲ ಹೋಗುತ್ತದಂತೆ, ಬರಲಿಕ್ಕಾಗುತ್ತದಾ ಅಂತ. ನನಗೆ ನಲವತ್ತೆರಡು ವರ್ಷ, ತಲೆ ಅರ್ಧ ಬೋಳು. ಅವರಿಗೆ ನಾನಿನ್ನೂ ಮಾಣಿಯೇ, ಸಣ್ಣ ಹುಡುಗನೇ. ವಂಡ್ಸೆ ಬದಿಯ ಹಾಲಿನ ಡೇರಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಅರ್ಧ ದಿನ ರಜೆ ಹಾಕಿ, ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಬೈಕು ಹತ್ತಿದೆ.

ನಿವೃತ್ತಿಯಾದ ಮೇಲೆ ಟೀಚರು ಹಿಡಿದ ಕೆಲಸ ಒಂದೇ, ನಮ್ಮ ಕಡೆಯ ಮಾತಿನ ಶಬ್ದಗಳನ್ನು ಕೂಡಿಸುವುದು. ಮೊದಲು ನೋಟ್‌ಪುಸ್ತಕದಲ್ಲಿ ಬರೆಯುತ್ತಿದ್ದರು. ಆಮೇಲೆ ಹಳೇ ಶಿಷ್ಯರೊಬ್ಬರು ಕ್ಲೌಡಿನಲ್ಲಿ, ಅಂದರೆ ಯಾವುದೋ ದೂರದ ಕಂಪನಿಯ ಸರ್ವರಿನಲ್ಲಿ, ಒಂದು ಡೇಟಾಬೇಸ್ ಮಾಡಿಕೊಟ್ಟರು. ಟೀಚರು ಫೋನಿನಲ್ಲಿ ಶಬ್ದ ಬರೆದು ಕಳಿಸಿದರೆ ಅದು ಅಲ್ಲಿ ಹೋಗಿ ಕೂರುತ್ತಿತ್ತು. ಈಗ ಕಂಪನಿಯವರು ಪುಕ್ಕಟೆ ಖಾತೆಗಳನ್ನೆಲ್ಲ ಸಂಜೆ ಐದಕ್ಕೆ ಅಳಿಸುತ್ತೇವೆಂದು ಮೇಲ್ ಕಳಿಸಿದ್ದರು. ಆ ಶಿಷ್ಯರು ಹಡಗಿನ ಕೆಲಸಕ್ಕೆ ಸೇರಿ ನಡುಸಮುದ್ರದಲ್ಲಿದ್ದರು, ಫೋನಿಗೆ ಸಿಗುವಂತಿರಲಿಲ್ಲ. ಹಳೇ ಪುಸ್ತಕಗಳನ್ನು ಗೆದ್ದಲು ತಿಂದಾಗಿತ್ತು. ಹದಿಮೂರು ವರ್ಷದ ಶಬ್ದಗಳಿಗೆ ಬೇರೆ ಪ್ರತಿಯೇ ಇರಲಿಲ್ಲ.

ಟೀಚರ ಮನೆಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಡೇರಿಯಲ್ಲಿ ಬಳಸುವ ಡೇಟಾಬೇಸ್ ಟೂಲ್ ಅದರಲ್ಲಿತ್ತು. ಡೇರಿಯ ಡೇಟಾಬೇಸ್ ಅಲ್ಲಿನ ಕಂಪ್ಯೂಟರಿನ ಹೊಟ್ಟೆಯಲ್ಲೇ ಇರುತ್ತದೆ, ಕ್ಲಿಕ್ ಮಾಡಿದರೆ ಮುಗಿಯಿತು. ಇಲ್ಲಿ ಮಾರುದ್ದದ ಸರ್ವರ್ ವಿಳಾಸ, ಪೋರ್ಟ್ ನಂಬರು, ಯೂಸರ್ ನೇಮು. ಪುಣ್ಯಕ್ಕೆ ಶಿಷ್ಯರು ಹಿಂದೊಮ್ಮೆ ಇವನ್ನೆಲ್ಲ ಟೀಚರಿಗೆ ವಾಟ್ಸಾಪ್ ಮಾಡಿದ್ದರು. ಹಾಕಿದೆ. ಅದು ಸುತ್ತಿ ಸುತ್ತಿ ಕೊನೆಗೆ ಸಂಪರ್ಕ ಆಗಲಿಲ್ಲ ಅಂದಿತು. ನೆಟ್ಟಿಗೆ ಬೈದೆ, ಕಂಪನಿಗೆ ಬೈದೆ, ಹಡಗಿಗೂ ಬೈದೆ. ನೋಡಿದರೆ ಎಸ್‌ಎಸ್‌ಎಲ್ ಅನ್ನುವ ಚೌಕಕ್ಕೆ ನಾನೇ ಟಿಕ್ ಹಾಕಿರಲಿಲ್ಲ. ಮಾತುಕತೆ ಗುಟ್ಟಾಗಿ ನಡೆಯುವುದಾದರೆ ಮಾತ್ರ ಆ ಸರ್ವರು ಬಾಗಿಲು ತೆಗೆಯುವುದಂತೆ.

ಟಿಕ್ ಹಾಕಿದ್ದೇ ಹೊಸ ತಕರಾರು: ಪಾಸ್‌ವರ್ಡ್ ತಪ್ಪು. ಅದನ್ನು ಇಟ್ಟವರು ಟೀಚರೇ. ತಾಲೂಕಿನ ಹೆಸರು, ಇಂಗ್ಲಿಷಿನ ಸಣ್ಣ ಅಕ್ಷರ, ಕಡೆಗೆ ಒಂದು ಎರಡು ಮೂರು ಅಂದರು. ಹೊಡೆದೆ, ತಪ್ಪು. ಮತ್ತೆ ಹೊಡೆದೆ, ಮತ್ತೆ ತಪ್ಪು. ನಿಮಗೆ ಮರೆತಿದೆ ಅಂತ ನಾನು, ನೀನು ಸಮ ಹೊಡೆಯುತ್ತಿಲ್ಲ ಅಂತ ಅವರು. ಟೀಚರು ಕರಿದು ತಂದಿಟ್ಟ ಹಲಸಿನ ಹಪ್ಪಳ ತಟ್ಟೆಯಲ್ಲೇ ಮೆತ್ತಗಾಯಿತು. ನಾಲ್ಕೂವರೆಗೆ ಟೀಚರು ಕುರ್ಚಿ ಎಳೆದು ಪಕ್ಕದಲ್ಲೇ ಕೂತು ನನ್ನ ಬೆರಳನ್ನೇ ನೋಡತೊಡಗಿದರು.

"ಪಿ ಆದ್ಮೇಲೆ ಯು ಎಂತಕ್ ಹೊಡ್ದೆ? ಕುಂದಾಪ್ರದಗೆ ಅಲ್ಲ್ ಯು ಎಲ್ಲಿತ್ತ್?"

ಅವರು ಮೊದಲಿನಿಂದ ಹೇಳುತ್ತಿದ್ದದ್ದು ಕುಂದಾಪ್ರ. ನನ್ನ ಕಿವಿಗೂ ಬಿದ್ದದ್ದು ಅದೇ. ಬೆರಳು ಮಾತ್ರ ಶುದ್ಧವಾಗಿ ಕುಂದಾಪುರ ಅಂತ ಹೊಡೆಯುತ್ತಿತ್ತು. ಏಳನೇ... ಅಲ್ಲ, ಎಂಟನೇ ಕ್ಲಾಸಿನ ಪ್ರಬಂಧದಲ್ಲಿ ಕುಂದಾಪ್ರ ಅಂತ ಬರೆದದ್ದಕ್ಕೆ ಕುಂದಾಪುರ, ಕುಂದಾಪುರ ಅಂತ ಇಪ್ಪತ್ತೈದು ಸಲ ಬರೆಸಿದ ಮಹಾತಾಯಿ ಇವರೇ.

"ನೀವೇ ಕಲ್ಸದ್ದಲ್ದಾ ಟೀಚರೇ," ಅಂದೆ.

ಅವರು ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು. ನನಗೂ ತಡೆಯಲಾಗಲಿಲ್ಲ. ಆ ಯು ತೆಗೆದು ಹೊಡೆದೆ, ಡೇಟಾಬೇಸ್ ತೆರೆಯಿತು. ಹೊಯ್ಗಿ, ಗಂಟಿ, ಮಡ್ಲ್, ಸಾಲು ಸಾಲು ಶಬ್ದ. ಎದುರಿಗೆ ಮರಳು, ದನಕರು, ತೆಂಗಿನ ಗರಿ ಅಂತ ಅರ್ಥ. ಐದಕ್ಕೆ ಹತ್ತು ನಿಮಿಷ ಇರುವಾಗ ಪೂರ್ತಿ ಪ್ರತಿ ನನ್ನ ಲ್ಯಾಪ್‌ಟಾಪಿಗೆ ಇಳಿಯಿತು. ಟೀಚರು ಉಸಿರುಬಿಟ್ಟು ಮೆತ್ತಗಿನ ಹಪ್ಪಳ ಬಾಯಿಗಿಟ್ಟರು.

ಕೊನೆಯ ಕಾಲಮ್ಮಿನಲ್ಲಿ ಶಬ್ದ ಯಾರಿಂದ ಸಿಕ್ಕಿತು ಅಂತ ಬರೆದಿದ್ದರು. ಮೀನು ಮಾರುವವರು, ಗದ್ದೆ ನಟ್ಟಿಯವರು, ಪಕ್ಕದ ಮನೆಯ ಅಜ್ಜಿ. ಆದರೆ ನೂರಾರು ಸಾಲಿನ ಎದುರು 'ಮಕ್ಕಳು' ಅಂತ ಒಂದೇ ಮಾತು. ಯಾವ ಮಕ್ಕಳು ಅಂತ ಕೇಳಿದೆ. ಟೀಚರು ಪರದೆಯ ಮೇಲೆ ಆ ಸಾಲಿಗೆ ಬೆರಳಿಟ್ಟರು.

"ನಿಮ್ ಪುಸ್ತಕದಗೆ ನಾನ್ ಕೆಂಪ್ ಗೀಟ್ ಹೊಡ್ದ್ ಶಬ್ದ ಮಾಣಿ ಅವು. ನೆನ್ಪಿದ್ದದ್ದೆಲ್ಲ ವಾಪಾಸ್ ಬರ್ದಿದ್ದೆ."

ಒಂದು ಪ್ರತಿ ಸಾಲದು ಅನ್ನಿಸಿ ನನ್ನ ಫೋನಿಗೂ ಒಂದು ಹಾಕಿಕೊಂಡೆ.